ಗುಡ್ಡಗಳ ನಾಡಿನಲ್ಲಿ ಜನರನ್ನು ನಡೆಸುವ ಕೆಲಸ: ಆನೆಗೊಂದಿಯಿಂದ ಕೊಪ್ಪಳದವರೆಗೆ

ಗಂಗಾವತಿ ಮತ್ತು ಕೊಪ್ಪಳದ ನಡುವೆ ಹರಡಿಕೊಂಡಿರುವ ಬಂಡೆಗಲ್ಲಿನ ಗುಡ್ಡಗಳಲ್ಲಿ ಹೊರಗಿನಿಂದ ಬಂದವರನ್ನು ಕಾಲ್ನಡಿಗೆಯಲ್ಲಿ ಕರೆದೊಯ್ಯುವುದು, ಊರಿನವರ ಮನೆಗಳಲ್ಲಿ ತಂಗಿಸುವುದು, ಹಳೆಯ ನೆಲೆಗಳನ್ನು ಸಾವಧಾನವಾಗಿ ತೋರಿಸುವುದು ನನ್ನ ಕೆಲಸ. ಹಂಪಿಗೆ ಬರುವ ಬಹುಪಾಲು ಪ್ರವಾಸಿಗರು ನದಿ ದಾಟಿ ಅಂಜನಾದ್ರಿಯನ್ನು ಹತ್ತಿ ಇಳಿದು, ಸಣಾಪುರದ ಕೆರೆಯ ದಂಡೆಯಲ್ಲಿ ಫೋಟೋ ತೆಗೆಸಿಕೊಂಡು ಹೊರಟುಹೋಗುತ್ತಾರೆ. ಅವರನ್ನು ತಪ್ಪು ಎನ್ನಲಾರೆ. ಅವರ ಕೈಯಲ್ಲಿ ಇರುವುದು ಅರ್ಧ ದಿನ. ಆದರೆ ತುಂಗಭದ್ರೆಯ ಉತ್ತರ ದಂಡೆಯ ಈ ನೆಲದಲ್ಲಿ ಶಿಲಾಯುಗದ ಚಿತ್ರ, ಬೃಹತ್ ಶಿಲಾ ಸಮಾಧಿ, ಅಶೋಕನ ಶಾಸನ, ಜೈನ ಮುನಿಗಳ ಗವಿ, ಕಂಪಿಲಿ ಅರಸರ ದುರ್ಗ, ವಿಜಯನಗರದ ಕಾಲುವೆ ಎಲ್ಲವೂ ಒಂದರ ನೆರೆಯಲ್ಲಿ ಒಂದು ಇವೆ. ಅವುಗಳ ನಡುವಿನ ದಾರಿಯನ್ನು ಕಾಲಿನಿಂದ ಅಳೆಯದೆ ಅವು ಅಲ್ಲೇ ಏಕಿವೆ ಎಂಬುದು ಮನಸ್ಸಿಗೆ ಇಳಿಯುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಕೆಲಸಕ್ಕೆ ಮೊದಲು ಬೇಕಾದದ್ದು ಋತುವಿನ ಅರಿವು. ನವೆಂಬರ್‌ನಿಂದ ಫೆಬ್ರುವರಿಯವರೆಗೆ ಮಾತ್ರ ನಾನು ತಂಡಗಳನ್ನು ಒಪ್ಪಿಕೊಳ್ಳುತ್ತೇನೆ. ಮಾರ್ಚ್ ಕಳೆದ ಮೇಲೆ ಇಲ್ಲಿನ ಬಂಡೆಗಳು ಹಗಲೆಲ್ಲ ಹೀರಿಕೊಂಡ ಬಿಸಿಯನ್ನು ರಾತ್ರಿಯವರೆಗೂ ಕಾರುತ್ತವೆ, ಮರದ ನೆರಳಂತೂ ಇಲ್ಲವೇ ಇಲ್ಲ. ಮಳೆಗಾಲದಲ್ಲಿ ಕಲ್ಲಿನ ಮೇಲೆ ಪಾಚಿ ಕಟ್ಟಿ ಕಾಲು ನಿಲ್ಲುವುದಿಲ್ಲ, ಅಣೆಕಟ್ಟೆಯಿಂದ ನೀರು ಬಿಟ್ಟಾಗ ಹರಿಗೋಲುಗಳೂ ನಿಂತುಹೋಗುತ್ತವೆ. ಚಳಿಗಾಲದಲ್ಲಿಯೂ ಬೆಳಕು ಹರಿಯುವ ಹೊತ್ತಿಗೆ ಹೊರಟು ಹನ್ನೊಂದರೊಳಗೆ ಗುಡ್ಡ ಇಳಿಯಬೇಕು. ಮಧ್ಯಾಹ್ನ ಊರಿನಲ್ಲಿ ಊಟ, ವಿಶ್ರಾಂತಿ. ಬಿಸಿಲು ಬಾಗಿದ ಮೇಲೆ ಬಯಲಿನಲ್ಲಿ, ಕಾಲುವೆಯ ಏರಿಯ ಮೇಲೆ ಮತ್ತಷ್ಟು ನಡಿಗೆ. ಸಂಜೆ ಕತ್ತಲಾಗುವ ಮುನ್ನ ಎಲ್ಲರೂ ಮನೆ ಸೇರಿರಲೇಬೇಕು ಎಂಬ ನಿಯಮವನ್ನು ನಾನು ಯಾರಿಗಾಗಿಯೂ ಸಡಿಲಿಸುವುದಿಲ್ಲ. ಈ ಗುಡ್ಡಗಳಲ್ಲಿ ಚಿರತೆಯಿದೆ, ಕರಡಿಯಿದೆ. ಆನೆಗೊಂದಿಯ ಸುತ್ತ ಚಿರತೆಯಿಂದ ಜೀವಹಾನಿಯೂ ಆಗಿದೆ. ಆದ್ದರಿಂದ ಹೊರಡುವ ಮುನ್ನಾದಿನ ಅರಣ್ಯ ಸಿಬ್ಬಂದಿಯನ್ನೂ ಕುರಿ ಕಾಯುವವರನ್ನೂ ವಿಚಾರಿಸಿಕೊಂಡು, ಯಾವ ಕಡೆ ಹೆಜ್ಜೆ ಕಂಡಿದೆಯೋ ಆ ಕಡೆಯ ದಾರಿಯನ್ನು ಬಿಟ್ಟುಬಿಡುತ್ತೇನೆ. ಕುರಿಗಾಹಿಗಳ ಮಾತಿಗೆ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. "ಅಣ್ಣಾರ, ಇವತ್ತ ಆ ಗವಿ ಕಡೆ ಹೋಗಬ್ಯಾಡ್ರಿ, ಮರಿ ಹಾಕೇತಿ" ಎಂದು ಅವರಲ್ಲೊಬ್ಬರು ಹೇಳಿದರೆ ಅಂದಿನ ದಾರಿ ಬದಲಾಯಿತೆಂದೇ ಅರ್ಥ.

ನಡಿಗೆಯನ್ನು ನಾನು ಆನೆಗೊಂದಿಯಿಂದ ಆರಂಭಿಸುತ್ತೇನೆ. ಸಾಧ್ಯವಾದಾಗಲೆಲ್ಲ ತಂಡವನ್ನು ಹಂಪಿಯ ಕಡೆಯ ತಳವಾರಘಟ್ಟದಿಂದ ಹರಿಗೋಲಿನಲ್ಲಿಯೇ ಈಚೆಗೆ ತರುವುದು ನನ್ನ ಪದ್ಧತಿ. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ದುಂಡಗಿರುವ, ಒಳಗೆ ಬೆತ್ತ ಹೆಣೆದು ಹೊರಗೆ ಚರ್ಮ ಹೊದಿಸಿದ ದೋಣಿಗಳಲ್ಲಿ ಜನ ಹೊಳೆ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಚರ್ಮದ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿವೆ, ಹೆಣಿಗೆ ಬಿದಿರಿನದು. ಆಕಾರ ಮಾತ್ರ ಅದೇ. ನದಿಯ ಮಧ್ಯದಲ್ಲಿ ಹುಟ್ಟು ಹಾಕುವವರು ಹರಿಗೋಲನ್ನು ಒಂದು ಸುತ್ತು ತಿರುಗಿಸಿದಾಗ ಎರಡೂ ದಂಡೆಯ ಬಂಡೆಗಳ ಸಾಲು ಕಾಣುತ್ತದೆ. ರಾಜಧಾನಿಗೆ ಉತ್ತರದಿಂದ ಬರುವ ದಂಡನ್ನು ತಡೆಯಲು ಈ ನದಿ ಮತ್ತು ಈ ಗುಡ್ಡಗಳೇ ಮೊದಲ ಕೋಟೆಯಾಗಿದ್ದವು ಎಂದು ಆಗ ನಾನು ಹೇಳಬೇಕಾದ ಅಗತ್ಯವೇ ಬೀಳುವುದಿಲ್ಲ.

ಆನೆಗೊಂದಿಯಲ್ಲಿ ಗಗನ ಮಹಲು, ರಂಗನಾಥನ ಗುಡಿ, ಹೊಳೆಯ ದಂಡೆಯ ಚಿಂತಾಮಣಿ ಗುಡಿ, ನಡುಗಡ್ಡೆಯಲ್ಲಿರುವ ಮಾಧ್ವ ಯತಿಗಳ ನವವೃಂದಾವನ ಇವನ್ನು ನೋಡಿಸುತ್ತೇನೆ. ಇವುಗಳ ವಿವರ ಎಲ್ಲೆಡೆ ಸಿಗುವುದರಿಂದ ಇಲ್ಲಿ ಬೆಳೆಸುವುದಿಲ್ಲ. ಹೆಚ್ಚು ಹೊತ್ತು ನಿಲ್ಲಿಸುವುದು ಒನಕೆ ಕಿಂಡಿಯ ಬಂಡೆಗಳ ಬಳಿ ಕೆಂಪು ಬಣ್ಣದ ಆದಿಮಾನವರ ಚಿತ್ರಗಳೆದುರು, ಮತ್ತು ವಿಜಯನಗರದ ಕಾಲದ ಕಾಲುವೆಯ ಮೇಲೆ. ಆ ಕಾಲುವೆಯ ನೀರು ಇಂದಿಗೂ ಬಾಳೆ ತೋಟಕ್ಕೂ ಭತ್ತದ ಗದ್ದೆಗೂ ಹರಿಯುತ್ತಿದೆ. ಅರಮನೆಗಳು ಬಿದ್ದುಹೋಗಿರುವಾಗ ಕಾಲುವೆ ಉಳಿದಿರುವುದಕ್ಕೆ ಕಾರಣ ಸರಳ: ವರ್ಷಕ್ಕೊಮ್ಮೆ ರೈತರು ಅದರ ಹೂಳನ್ನು ತೆಗೆಯಲೇಬೇಕು, ಇಲ್ಲದಿದ್ದರೆ ಬೆಳೆ ಇಲ್ಲ. ಮುಂದೆ ಗಂಗಾವತಿಯನ್ನು ಭತ್ತದ ಕಣಜವನ್ನಾಗಿ ಮಾಡಿದ್ದು 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟೆಯ ಎಡದಂಡೆ ಕಾಲುವೆ. ಎರಡು ಕಾಲದ ನೀರಾವರಿಯನ್ನು ಒಂದೇ ನಡಿಗೆಯಲ್ಲಿ ಹೋಲಿಸಿ ನೋಡಬಹುದಾದ ಜಾಗ ಇದು.

ಮರುದಿನ ದುರ್ಗಾದೇವಿ ಗುಡಿಯ ಕೋಟೆ, ಪಂಪಾ ಸರೋವರ, ಚಿಕ್ಕರಾಂಪುರದ ಅಂಜನಾದ್ರಿ. ಇಲ್ಲಿ ಮಾರ್ಗದರ್ಶಿಯ ಮಾತಿಗೆ ನಿಜವಾದ ಪರೀಕ್ಷೆ ಎದುರಾಗುತ್ತದೆ. ಈ ಸೀಮೆಯೇ ರಾಮಾಯಣದ ಕಿಷ್ಕಿಂಧೆ, ಈ ಬೆಟ್ಟವೇ ಆಂಜನೇಯ ಹುಟ್ಟಿದ ಜಾಗ, ಈ ಸರೋವರದ ಬಳಿಯೇ ಶಬರಿ ಕಾದಿದ್ದಳು ಎಂಬುದು ಸಾವಿರಾರು ಭಕ್ತರ ಜೀವಂತ ನಂಬಿಕೆ. ಮಾಲೆ ಧರಿಸಿ 575 ಮೆಟ್ಟಿಲು ಹತ್ತುವವರ ನಡುವೆ ನಿಂತು ಅದನ್ನು ಹಗುರವಾಗಿ ಮಾತಾಡುವುದು ಅಸಭ್ಯತನ. ಅದನ್ನೇ ಶಾಸನದ ಸಾಕ್ಷ್ಯವೆಂಬಂತೆ ಹೇಳುವುದು ಅಪ್ರಾಮಾಣಿಕತೆ. ಹೀಗಾಗಿ ಮೊದಲ ದಿನವೇ ತಂಡಕ್ಕೆ ಒಂದು ಮಾತು ತಿಳಿಸಿರುತ್ತೇನೆ: ಕಲ್ಲಿನಲ್ಲಿ ಬರೆದದ್ದನ್ನು ಬರೆದದ್ದೆಂದೂ, ಜನ ನಂಬಿದ್ದನ್ನು ನಂಬಿಕೆಯೆಂದೂ, ವಿದ್ವಾಂಸರು ಉಳಿಕೆಗಳಿಂದ ಊಹಿಸಿದ್ದನ್ನು ಊಹೆಯೆಂದೂ ಬೇರೆ ಬೇರೆಯಾಗಿಯೇ ಹೇಳುತ್ತೇನೆ, ನೀವೂ ಹಾಗೆಯೇ ಕೇಳಿಸಿಕೊಳ್ಳಿ. ಈ ಒಂದು ಶಿಸ್ತನ್ನು ಬಿಗಿಯಾಗಿ ಹಿಡಿದ ಮೇಲೆ ಭಕ್ತರೂ ಸಂಶೋಧಕರೂ ಒಂದೇ ತಂಡದಲ್ಲಿ ಮನಸ್ತಾಪವಿಲ್ಲದೆ ನಡೆದಿದ್ದಾರೆ, ಮತ್ತು ನನ್ನ ಕೆಲಸದಲ್ಲಿ ನಾನು ಅತ್ಯಂತ ಮುಖ್ಯವೆಂದು ಎಣಿಸುವುದೂ ಅದನ್ನೇ.

ಇಡೀ ಪ್ರವಾಸದ ತಿರುಳು ಹಿರೇಬೆಣಕಲ್ ಗುಡ್ಡ. ಗಂಗಾವತಿಯಿಂದ ಪಶ್ಚಿಮಕ್ಕೆ ಸುಮಾರು 10 ಕಿಲೋಮೀಟರ್ ದೂರದ ಹಿರೇಬೆಣಕಲ್ ಊರಿನವರೆಗೆ ವಾಹನ, ಅಲ್ಲಿಂದ ಕಲ್ಲು ಮತ್ತು ಕಂಟಿಗಳ ನಡುವಿನ ಏರು. ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳದೆ ನಾನು ಎಂದೂ ಹತ್ತುವುದಿಲ್ಲ. ದಾರಿ ನನಗೆ ಗೊತ್ತಿದೆ. ಆದರೆ ಗುಡ್ಡ ಅವರದು, ಅದರಿಂದ ಬರುವ ಆದಾಯದಲ್ಲಿ ಅವರ ಪಾಲು ಇರಬೇಕು. ಏರುವಾಗ ಸಣ್ಣ ಹೆಜ್ಜೆ ಹಾಕಬೇಕು, ಬಂಡೆಯ ಮೇಲೆ ಪೂರ್ತಿ ಪಾದ ಊರಬೇಕು, ಜಾಲಿ ಮತ್ತು ಕಾರೆ ಮುಳ್ಳಿಗೆ ಜಗ್ಗದ ದಪ್ಪ ಅಟ್ಟೆಯ ಬೂಟು ಇರಬೇಕು. ಒಬ್ಬೊಬ್ಬರೂ ಕನಿಷ್ಠ ಮೂರು ಲೀಟರ್ ನೀರು ಹೊರಲೇಬೇಕು, ಮೇಲಿನ ಹೊಂಡದ ನೀರು ಕುಡಿಯಲು ಯೋಗ್ಯವಲ್ಲ.

ಮೇಲೆ ತಲುಪಿದಾಗ ಕಾಣುವ ನೋಟಕ್ಕೆ ಯಾರನ್ನೂ ಮಾತಿನಿಂದ ಸಿದ್ಧಗೊಳಿಸಲಾಗುವುದಿಲ್ಲ. ಸುಮಾರು 400 ಬೃಹತ್ ಶಿಲಾ ರಚನೆಗಳು ಇಲ್ಲಿವೆ, ಅವುಗಳಲ್ಲಿ ಹಲವು ಆಳಿಗಿಂತ ಎತ್ತರ. ನೆಟ್ಟ ಚಪ್ಪಡಿಗಳ ಮೇಲೆ ಒಂದು ಅಗಲವಾದ ಚಪ್ಪಡಿಯನ್ನು ಹೊದಿಸಿ, ಒಂದು ಬದಿಯ ಕಲ್ಲಿನಲ್ಲಿ ದುಂಡಗಿನ ಕಿಂಡಿಯನ್ನು ಕೊರೆದಿದ್ದಾರೆ. ನಾನು ಒಂದು ರಚನೆಯ ಮುಂದೆ ಎಲ್ಲರನ್ನೂ ಕೂರಿಸಿ ಆ ಕಿಂಡಿಯ ಅಂಚನ್ನು ಮಾತ್ರ ನೋಡಲು ಹೇಳುತ್ತೇನೆ. ಉಳಿದ ಚಪ್ಪಡಿ ಒರಟಾಗಿದ್ದರೂ ಕಿಂಡಿಯ ವೃತ್ತ ಮಾತ್ರ ಅಚ್ಚುಕಟ್ಟು. ಕುಟ್ಟಿ ಕುಟ್ಟಿ ಸವೆಸಿದ ಗುಳಿಗಳು ಅಂಚಿನ ಮೇಲೆ ಇನ್ನೂ ಬೆರಳಿಗೆ ಸಿಗುವಂತಿವೆ, ಬೆರಳಿಡಲು ಮಾತ್ರ ನಾನು ಬಿಡುವುದಿಲ್ಲ. ಇಷ್ಟು ದೊಡ್ಡ ಚಪ್ಪಡಿಗಳನ್ನು ತಂದದ್ದಾದರೂ ಎಲ್ಲಿಂದ ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಕಣ್ಣೆದುರಿಗೇ ಇದೆ. ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದಾದ ಈ ಗ್ರಾನೈಟ್ ಬಿಸಿಲು ಮಳೆಗೆ ಸಿಕ್ಕಿ ಈರುಳ್ಳಿಯ ಸಿಪ್ಪೆಯ ಹಾಗೆ ಪದರು ಪದರಾಗಿ ಬಿಡುತ್ತದೆ. ಅಂಥ ಪದರುಗಳನ್ನು ಎಬ್ಬಿಸಿ ತೆಗೆದ ಜಾಗ ಗುಡ್ಡದ ಮೇಲೆಯೇ ಇದ್ದು, ಅಲ್ಲಿ ಈಗ ನೀರು ನಿಂತು ಹೊಂಡವಾಗಿದೆ.

ಇವನ್ನು ಕಟ್ಟಿದವರು ಕುಳ್ಳ ಜನರಾದ ಮೋರ್ಯರು, ಇವು ಅವರ ಮನೆಗಳು ಎಂದು ಊರಿನವರು ಹೇಳುತ್ತಾರೆ. ಆದ್ದರಿಂದಲೇ ಇದು ಅವರಿಗೆ ಮೋರ್ಯರ ಗುಡ್ಡ. ಪುರಾತತ್ವಜ್ಞರ ಪ್ರಕಾರ ಇವು ಕಬ್ಬಿಣ ಯುಗದ ಜನ ಸತ್ತವರಿಗಾಗಿ ಕಟ್ಟಿದ ಸ್ಮಾರಕಗಳು, ಎರಡು ಸಾವಿರ ವರ್ಷಗಳಿಗೂ ಹಳೆಯವು. ಎರಡನ್ನೂ ಹೇಳುತ್ತೇನೆ, ಮೊದಲನೆಯದನ್ನು ಜೊತೆಗೆ ಬಂದ ಊರಿನವರ ಬಾಯಿಂದಲೇ ಹೇಳಿಸುತ್ತೇನೆ. ಎತ್ತರದ ಬಂಡೆಯೊಂದರ ಮೇಲೆ ಅರ್ಧಗೋಲಾಕಾರದ ದೊಡ್ಡ ನಗಾರಿ ಕಲ್ಲು ಕುಳಿತಿದೆ. ಅದನ್ನು ಬಡಿದರೆ ದೂರದವರೆಗೆ ಶಬ್ದ ಕೇಳುತ್ತದೆ ಎಂಬುದು ಪ್ರಸಿದ್ಧವಾದ ಕಾರಣ ಹತ್ತಿದವರೆಲ್ಲ ಕೈಗೆ ಸಿಕ್ಕ ಕಲ್ಲಿನಿಂದ ಕುಟ್ಟಲು ಮುಂದಾಗುತ್ತಾರೆ. ನನ್ನ ತಂಡದಲ್ಲಿ ಅದಕ್ಕೆ ಅವಕಾಶವಿಲ್ಲ. ನಿಧಿಯಾಸೆಗೆ ಅಗೆದವರಿಂದ ಎಷ್ಟೋ ಚಪ್ಪಡಿಗಳು ಈಗಾಗಲೇ ಮುರಿದು ಬಿದ್ದಿವೆ, ಕೆಲವುಗಳ ಮೇಲೆ ಹೆಸರು ಗೀಚಿದ್ದಾರೆ. 2021ರಲ್ಲಿ ಈ ನೆಲೆ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದ ಮೇಲೆ ಬರುವವರ ಸಂಖ್ಯೆ ಹೆಚ್ಚುತ್ತಿದೆ. ಸಂತೋಷ, ಆದರೆ ಗುಡ್ಡದ ಮೇಲೆ ಕಾವಲಿಗಿಂತ ಬೇಗ ಪ್ರಚಾರ ತಲುಪುತ್ತಿರುವುದು ನನ್ನನ್ನು ಕಳವಳಗೊಳಿಸುತ್ತದೆ. ಇದೇ ಕಾರಣಕ್ಕೆ ಹನ್ನೆರಡಕ್ಕಿಂತ ಹೆಚ್ಚು ಜನರಿರುವ ತಂಡವನ್ನು ನಾನು ಮೇಲಕ್ಕೆ ಕರೆದೊಯ್ಯುವುದಿಲ್ಲ.

ಇಳಿದು ಬಂದವರಿಗೆ ಊರಿನ ಮನೆಯಲ್ಲಿ ಊಟ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಪುಂಡಿ ಪಲ್ಯ, ಕೆನೆಮೊಸರು. ಕೊನೆಗೆ ಗಂಗಾವತಿಯ ಸೋನಾ ಮಸೂರಿ ಅನ್ನ ಮತ್ತು ಸಾರು. ನಗರದಿಂದ ಬಂದವರಿಗಾಗಿ ಖಾರ ಇಳಿಸಲು ಮೊದಲೇ ಹೇಳಿಡಬೇಕು, ರೊಟ್ಟಿಯನ್ನು ಮಾತ್ರ ಬಿಸಿಬಿಸಿಯಾಗಿ ಬಡಿಯುವುದನ್ನು ಅವರು ಒಲೆಯ ಬಳಿ ಕುಳಿತೇ ನೋಡಬೇಕು ಎಂಬುದು ನನ್ನ ಆಸೆ. "ಇನ್ನೊಂದ ರೊಟ್ಟಿ ತಗೋರಿ ಯಕ್ಕಾ, ಗುಡ್ಡ ಹತ್ತೀರಿ" ಎಂಬ ಒತ್ತಾಯಕ್ಕೆ ಸೋಲದವರನ್ನು ನಾನು ಕಂಡಿಲ್ಲ. ಹಣವನ್ನು ಅಡುಗೆ ಮಾಡಿದ ಹೆಣ್ಣುಮಕ್ಕಳ ಕೈಗೇ ಅಂದೇ ಕೊಡುತ್ತೇನೆ.

ನಂತರದ ದಿನ ಜಬ್ಬಲಗುಡ್ಡದ ಬಳಿಯ ಕುಮ್ಮಟದುರ್ಗ. ಕಂಪಿಲರಾಯ ಮತ್ತು ಅವನ ಮಗ ಕುಮಾರರಾಮನ ನೆಲೆ ಇದು. ದೆಹಲಿಯ ತುಘಲಕ್ ಸೈನ್ಯಕ್ಕೆ 1327ರ ಸುಮಾರಿಗೆ ಕಂಪಿಲಿ ರಾಜ್ಯ ಬಿದ್ದುಹೋಗಿ, ಹತ್ತು ವರ್ಷ ಕಳೆಯುವಷ್ಟರಲ್ಲಿ ನದಿಯ ಆಚೆ ವಿಜಯನಗರ ಎದ್ದಿತು. ಕೋಟೆಯ ಗೋಡೆ ಬಂಡೆಯಿಂದ ಬಂಡೆಗೆ ಹಾಯ್ದು ಸಾಗುವ ರೀತಿಯನ್ನು ಅದರ ಪಕ್ಕದಲ್ಲೇ ನಡೆದು ನೋಡಿದವರಿಗೆ, ಆನೆಗೊಂದಿಯಲ್ಲಿ ಕಂಡ ಗೋಡೆಗಳು ಯಾವ ಅಭ್ಯಾಸದಿಂದ ಬಂದವು ಎಂಬುದು ಹೊಳೆಯುತ್ತದೆ. ಕುಮಾರರಾಮನನ್ನು ಜನ ಇಂದಿಗೂ ಹಾಡಿನಲ್ಲಿ ಉಳಿಸಿಕೊಂಡಿರುವುದರಿಂದ, ಹಾಡುವ ಹಿರಿಯರು ಊರಿನಲ್ಲಿದ್ದರೆ ಅವರ ಬಿಡುವನ್ನು ಕೇಳಿಕೊಂಡು ಸಂಜೆಯನ್ನು ಅವರಿಗೇ ಬಿಡುತ್ತೇನೆ.

ನಡಿಗೆ ಮುಗಿಯುವುದು ಕೊಪ್ಪಳದಲ್ಲಿ. ಸಂಕ್ರಾಂತಿಯ ನಂತರದ ಗವಿಸಿದ್ಧೇಶ್ವರ ಜಾತ್ರೆಯ ದಿನಗಳಲ್ಲಿ ಲಕ್ಷಾಂತರ ಜನ ಸೇರುವುದರಿಂದ ಆಗ ಕೋಣೆಯೂ ಸಿಗದು, ಶಾಸನದ ಮುಂದೆ ನಿಲ್ಲಲು ಸಮಾಧಾನವೂ ಸಿಗದು; ಆ ವಾರವನ್ನು ತಪ್ಪಿಸಿಯೇ ದಿನಾಂಕ ಗೊತ್ತುಮಾಡುತ್ತೇನೆ. ಗವಿಮಠದ ಗುಡ್ಡದಲ್ಲಿ ಮತ್ತು ಪಾಲ್ಕಿಗುಂಡಿನಲ್ಲಿ ಅಶೋಕನ ಎರಡು ಕಿರು ಶಿಲಾಶಾಸನಗಳಿವೆ, 1931ರಲ್ಲಿ ಬೆಳಕಿಗೆ ಬಂದವು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಗವಿಮಠದ ಅಕ್ಷರಗಳು ಸ್ಪಷ್ಟ, ಪಾಲ್ಕಿಗುಂಡಿನವು ಬಹಳ ಸವೆದಿವೆ. ಅದಕ್ಕಾಗಿ ಮೊದಲು ಗವಿಮಠಕ್ಕೆ ಒಯ್ದು, ಓರೆ ಬೆಳಕು ಬೀಳುವ ಬೆಳಗಿನ ಹೊತ್ತಿನಲ್ಲಿ ಕೆಲವು ಅಕ್ಷರಗಳನ್ನು ಗುರುತಿಸುವುದನ್ನು ಕಲಿಸುತ್ತೇನೆ. ಸವೆದದ್ದನ್ನು ಓದುವ ಉತ್ಸಾಹ ಆಮೇಲೆ ತಾನಾಗಿ ಬರುತ್ತದೆ. ಪಾಲ್ಕಿಗುಂಡಿನ ಗುಡ್ಡದಲ್ಲಿಯೇ ಜೋಡಿ ಪಾದಗಳ ಕೆತ್ತನೆಯಿದ್ದು, ಅದರ ಬಳಿ ಜೈನ ಮುನಿ ಜಟಾಸಿಂಗನಂದ್ಯಾಚಾರ್ಯರ ಪಾದಗಳನ್ನು ಚಾವಯ್ಯನು ಮಾಡಿಸಿದನೆಂದು ಹಳಗನ್ನಡದಲ್ಲಿ ಬರೆದಿದೆ. ದಿನಗಟ್ಟಲೆ ನಡೆದು ಬಂದವರು ಈ ಕಲ್ಲಿನ ಪಾದಗಳ ಮುಂದೆ ಇತರೆಡೆಗಿಂತ ಹೆಚ್ಚು ಹೊತ್ತು ಕೂರುತ್ತಾರೆ. ಇದು ಜೈನರಿಗೆ ಪವಿತ್ರವಾಗಿದ್ದ ಕೊಪಣ ತೀರ್ಥ ಎಂಬ ಮಾತನ್ನು ಅಲ್ಲಿಯೇ ಹೇಳುತ್ತೇನೆ.

ಕೊಪ್ಪಳದ ಶಾಸನಗಳಲ್ಲಿ ಅರಸನು ದೇವಾನಾಂಪ್ರಿಯ, ಅಂದರೆ ದೇವತೆಗಳಿಗೆ ಪ್ರಿಯನಾದವನು, ಮಾತ್ರ. ಅಶೋಕ ಎಂಬ ಹೆಸರನ್ನು ಮೊದಲು ತೋರಿಸಿಕೊಟ್ಟದ್ದು 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಶಾಸನ. ಆ ಹೆಸರನ್ನು ಕಣ್ಣಾರೆ ನೋಡಬೇಕೆಂದು ಕೇಳುವವರು ಪ್ರತಿ ತಂಡದಲ್ಲಿಯೂ ಒಬ್ಬಿಬ್ಬರಾದರೂ ಇರುತ್ತಾರೆ. ಅವರಿಗಾಗಿ ಮರುದಿನ ಬೆಳಿಗ್ಗೆ ಮಸ್ಕಿಗೆ ಜೀಪು ಹೊರಡುತ್ತದೆ, ಉಳಿದವರು ಹಿಂದಿನ ರಾತ್ರಿಯೇ ಕೊಪ್ಪಳದಲ್ಲಿ ರೈಲು ಹತ್ತುತ್ತಾರೆ.