ದುಬೈಯಲ್ಲಿ ಅಂಗಡಿ ಹಾಕ್ತೀರಾ? ಮೊದಲು ಊರಿನ ಪಹಣಿ ತೆಗೆದು ನೋಡಿ

ನಮ್ಮ ಕಡೆ ಯಾರಾದರೂ ದುಬೈಗೆ ಹೊರಟರೆ ಮನೆಯಲ್ಲಿ ಮೊದಲು ಶುರುವಾಗುವುದು ಚಟ್ನಿಪುಡಿ ಕುಟ್ಟುವ ಕೆಲಸ. ವೀಸಾ ಬಂತಾ, ಟಿಕೆಟ್ ಆಯ್ತಾ ಎಂದು ನೆಂಟರೆಲ್ಲ ಹತ್ತು ಸಲ ಕೇಳುತ್ತಾರೆ. ತೋಟದ ಪಹಣಿ ಯಾರ ಹೆಸರಲ್ಲಿದೆ ಎಂದು ಒಬ್ಬರೂ ಕೇಳುವುದಿಲ್ಲ. ನಾನು ದುಬೈಯ ದೇರಾದಲ್ಲಿ ಹನ್ನೊಂದು ವರ್ಷ ಗಾಡಿಗಳ ಸ್ಪೇರ್ ಪಾರ್ಟ್ಸ್ ಅಂಗಡಿ ನಡೆಸಿ ತೀರ್ಥಹಳ್ಳಿಗೆ ವಾಪಸ್ ಬಂದವನು. ಅಲ್ಲಿ ವ್ಯಾಪಾರ ಕೆಟ್ಟು ಊರಿಗೆ ಬಂದವರನ್ನು ಕಂಡಿದ್ದೇನೆ. ಆದರೆ ವ್ಯಾಪಾರ ಚೆನ್ನಾಗಿಯೇ ನಡೆದು, ಊರಿನ ಕಾಗದದ ತಕರಾರಿಗೆ ವರ್ಷಕ್ಕೆ ನಾಲ್ಕು ಸಲ ವಿಮಾನ ಹತ್ತಿದವರೇ ಜಾಸ್ತಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

1. ಹೆಸರು ಒಂದೇ ಥರ ಇದೆಯಾ ನೋಡಿ

ಪಾಸ್‌ಪೋರ್ಟ್ ಮಾಡಿಸುವುದು ಈಗ ಕಷ್ಟವಲ್ಲ. ಶಿವಮೊಗ್ಗದಲ್ಲೇ ಅಂಚೆ ಇಲಾಖೆಯ ಪಾಸ್‌ಪೋರ್ಟ್ ಕೇಂದ್ರ ಇದೆ. ಕಷ್ಟ ಇರುವುದು ಹೆಸರಿನಲ್ಲಿ. ನಮ್ಮಲ್ಲಿ ಒಂದು ಹೆಸರು, ಮುಂದೆ ಒಂದೋ ಎರಡೋ ಇನಿಷಿಯಲ್, ಅಷ್ಟೇ. ಸರ್‌ನೇಮ್ ಜಾಗ ಖಾಲಿ ಬಿಟ್ಟು ಪಾಸ್‌ಪೋರ್ಟ್ ಮಾಡಿಸಿರುತ್ತಾರೆ. 2022ರ ನವೆಂಬರ್‌ನಲ್ಲಿ ಯುಎಇ ಒಂಟಿ ಹೆಸರಿನ ಪಾಸ್‌ಪೋರ್ಟ್‌ಗೆ ಭೇಟಿ ವೀಸಾ ಕೊಡುವುದಿಲ್ಲ ಎಂದಾಗ ಎಷ್ಟೋ ಜನ ವಿಮಾನ ನಿಲ್ದಾಣದಿಂದ ಮನೆಗೆ ಬಂದರು. ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಸರ್‌ನೇಮ್ ಜಾಗಕ್ಕೆ ಹಾಕಿಸಿ. ಹಾಕಿಸಿದ ಮೇಲೆ ಆಧಾರ್, ಪ್ಯಾನ್, ಬ್ಯಾಂಕ್ ಎಲ್ಲದರಲ್ಲೂ ಅದೇ ಕಾಗುಣಿತ ಇರಲಿ.

ಎಸ್ಸೆಸ್ಸೆಲ್ಸಿ ಪಾಸಾಗದವರಿಗೆ ಇನ್ನೊಂದು ಮಾತು. ನಿಮ್ಮ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ (ಎಮಿಗ್ರೇಶನ್ ಚೆಕ್ ರಿಕ್ವೈರ್ಡ್) ಬಗೆಯದು. ಕೆಲಸಕ್ಕೆಂದು ಕೊಲ್ಲಿಗೆ ಹೋಗಲು ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಮೂಲಕ ಅನುಮತಿ ಬೇಕು. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಲಕ್ಷ ಕೇಳುವವನ ಹತ್ತಿರ ಹೋಗಬೇಡಿ. ‘ಆಜಾದ್ ವೀಸಾ’ ಎಂದು ಮಾರುವವನ ಹತ್ತಿರವಂತೂ ಬೇಡವೇ ಬೇಡ. ಒಬ್ಬನ ಹೆಸರಲ್ಲಿ ವೀಸಾ, ಇನ್ನೊಬ್ಬನ ಹತ್ತಿರ ಕೆಲಸ ಎನ್ನುವುದು ಅಲ್ಲಿನ ಕಾನೂನಲ್ಲಿ ಅಪರಾಧ.

2. ಪೌತಿ ಖಾತೆ ಮುಗಿಸಿ

ಅಜ್ಜ ತೀರಿ ಇಪ್ಪತ್ತು ವರ್ಷ ಆಗಿರುತ್ತದೆ, ಪಹಣಿಯಲ್ಲಿ ಇನ್ನೂ ಅಜ್ಜನೇ ಇರುತ್ತಾರೆ. ವಂಶವೃಕ್ಷ, ಮರಣ ಪತ್ರ ಹಿಡಿದು ನಾಡಕಚೇರಿಗೆ ಹೋಗಿ ಪೌತಿ ಖಾತೆ ಮಾಡಿಸಿಕೊಳ್ಳಿ. ಎಲ್ಲ ಅಣ್ಣತಮ್ಮಂದಿರು, ಅಕ್ಕತಂಗಿಯರು ಊರಲ್ಲಿ ಇರುವಾಗಲೇ ಮಾಡಿಸಬೇಕು. ಒಬ್ಬರು ಮಸ್ಕತ್, ಒಬ್ಬರು ಬೆಂಗಳೂರು ಸೇರಿದ ಮೇಲೆ ಸಹಿ ಕೂಡಿಸುವುದು ಕೊಳೆರೋಗ ಬಂದ ತೋಟದಲ್ಲಿ ಅಡಿಕೆ ಆರಿಸಿದ ಹಾಗೆ.

3. ಪವರ್ ಆಫ್ ಅಟಾರ್ನಿ: ಎಲ್ಲರೂ ಎಡವುವ ಜಾಗ

ಇಲ್ಲಿ ಸ್ವಲ್ಪ ಕೂತು ಓದಿ.

ಊರಲ್ಲಿ ನಿಮ್ಮ ಬದಲು ಯಾರೋ ಒಬ್ಬರು ಸಹಿ ಹಾಕಬೇಕಾಗುತ್ತದೆ. ಅಡಿಕೆ ಮಂಡಿಯ ಲೆಕ್ಕ, ಕಂದಾಯ, ಪಂಪ್‌ಸೆಟ್ಟಿನ ಮೆಸ್ಕಾಂ ಅರ್ಜಿ, ಸರ್ವೆಯವರು ಬಂದಾಗ ಹಾಜರಿ, ಬೆಳೆ ವಿಮೆ. ಇದಕ್ಕೆ ಬೇಕಾದ ಅಧಿಕಾರ ಪತ್ರವೇ ಪವರ್ ಆಫ್ ಅಟಾರ್ನಿ. ಅದರ ಬದಲು ನಮ್ಮವರು ಹುಡುಕಿಕೊಂಡ ಅಡ್ಡದಾರಿ ಎಂದರೆ ಸಹಿ ಮಾಡಿದ ನಾಲ್ಕು ಖಾಲಿ ಹಾಳೆ, ಸಹಿ ಮಾಡಿದ ಚೆಕ್ ಪುಸ್ತಕ. ಇದನ್ನು ಸ್ವಂತ ತಮ್ಮನಿಗೂ ಕೊಡಬೇಡಿ. ತಮ್ಮ ಒಳ್ಳೆಯವನೇ ಇರಬಹುದು, ಹಾಳೆ ಯಾರ ಕೈಗೆ ಹೋಗುತ್ತದೆ ಎಂದು ಅವನಿಗೂ ಗೊತ್ತಿರುವುದಿಲ್ಲ.

ಎರಡನೇ ತಪ್ಪು, ಎಲ್ಲ ಅಧಿಕಾರವನ್ನೂ ಸೇರಿಸಿ ಒಂದು ದೊಡ್ಡ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಬರೆಸುವುದು. ಟೈಪ್ ಮಾಡುವವರ ಬಳಿ ಒಂದು ಹಳೇ ಮಾದರಿ ಇರುತ್ತದೆ. ಅದರಲ್ಲಿ ‘ಕ್ರಯ, ದಾನ, ಅಡಮಾನ ಮಾಡಲು’ ಎಂಬ ಸಾಲು ಇದ್ದೇ ಇರುತ್ತದೆ. ಆ ಸಾಲನ್ನು ಹೊಡೆದು ಹಾಕಿಸಿ. ತೋಟ ನೋಡಿಕೊಳ್ಳುವವನಿಗೆ ತೋಟ ಮಾರುವ ಅಧಿಕಾರ ಯಾಕೆ? ಜಿಪಿಎ ಮೂಲಕ ಮಾರಿದ್ದರಿಂದಲೇ ಹಕ್ಕು ವರ್ಗಾವಣೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದರೂ ಮಾರಿ, ಕೊಂಡವನು ಬೇಲಿ ಹಾಕಿದ ಮೇಲೆ ಬಿಡಿಸಿಕೊಳ್ಳಲು ಹತ್ತು ವರ್ಷ ಬೇಕು. ಯಾವ ಕೆಲಸ ಮಾಡಬಹುದು ಎಂದು ಒಂದೊಂದಾಗಿ ಬರೆಸಿ. ಸರ್ವೆ ನಂಬರ್, ಹಿಸ್ಸಾ, ಎಕರೆ ಗುಂಟೆ, ಗ್ರಾಮ, ಹೋಬಳಿ ಪಹಣಿಯಲ್ಲಿ ಇದ್ದ ಹಾಗೇ ಇರಲಿ. ಎರಡು ವರ್ಷಕ್ಕೆ ಮಾತ್ರ ಎಂದು ಅವಧಿ ಹಾಕಿ. ಬೇಕಾದರೆ ಮತ್ತೆ ಬರೆಯಬಹುದು. ಅಂತರ್ಜಾಲದಿಂದ ಇಳಿಸಿದ ಇಂಗ್ಲಿಷ್ ಮಾದರಿಗಳಲ್ಲಿ ಫ್ಲ್ಯಾಟು, ಪಾರ್ಕಿಂಗ್ ಎಲ್ಲ ಇರುತ್ತದೆ, ಹಿಸ್ಸಾ ನಂಬರಿಗೆ ಜಾಗವೇ ಇರುವುದಿಲ್ಲ. ಅವನ್ನು ಮುಟ್ಟಬೇಡಿ. ತಾಲ್ಲೂಕಿನ ಕೋರ್ಟಿನಲ್ಲಿ ಜಮೀನು ಕೇಸು ನಡೆಸುವ ವಕೀಲರ ಹತ್ತಿರ ಕನ್ನಡದಲ್ಲೇ ಬರೆಸಿ. ದುಬೈಗೆ ಒಯ್ಯಲು ಇಂಗ್ಲಿಷ್ ಅನುವಾದ ಜೊತೆಗಿರಲಿ.

ಮೂರನೆಯದು, ಎಲ್ಲಿ ಸಹಿ ಮಾಡುವುದು. ಊರಲ್ಲಿ ಇರುವಾಗಲೇ ಮಾಡುವುದಾದರೆ ಬರೀ ನೋಟರಿ ಮುದ್ರೆಗೆ ನಿಲ್ಲಬೇಡಿ. ನಿಮ್ಮ ಪರವಾಗಿ ಒಬ್ಬರು ದಸ್ತಾವೇಜನ್ನು ನೋಂದಣಿಗೆ ಹಾಜರುಪಡಿಸಬೇಕಾದರೆ, ಆ ಅಧಿಕಾರ ಪತ್ರಕ್ಕೆ ನೀವು ವಾಸವಿರುವ ಜಾಗದ ಸಬ್ ರಿಜಿಸ್ಟ್ರಾರ್ ಎದುರೇ ಸಹಿ ಆಗಿರಬೇಕು. ಹೊರಡುವ ಹಿಂದಿನ ದಿನ ಓಡಬೇಡಿ. ಸರ್ವರ್ ಕೈ ಕೊಡುವುದು ಯಾವತ್ತೂ ಅದೇ ದಿನ.

ಅಲ್ಲಿಗೆ ಹೋದ ಮೇಲೆ ಬರೆಯುವುದಾದರೆ ದಾರಿ ಬೇರೆ. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಆದರೆ ರೂಮಿನಲ್ಲೇ ಸಹಿ ಮಾಡಿಕೊಂಡು ಹೋಗಬೇಡಿ. ಭಾರತೀಯ ಕಾನ್ಸುಲೇಟ್‌ನ ಅಧಿಕಾರಿಯ ಎದುರೇ ಸಹಿ ಮಾಡಬೇಕು. ಫೋಟೊ, ಪಾಸ್‌ಪೋರ್ಟ್ ಪ್ರತಿ, ಎಮಿರೇಟ್ಸ್ ಐಡಿ ಒಯ್ಯಿರಿ. ಮುದ್ರೆ ಬಿದ್ದ ಮೂಲ ಪ್ರತಿಯನ್ನೇ ಕೊರಿಯರ್ ಮಾಡಿ. ವಾಟ್ಸಾಪಿನ ಫೋಟೊಗೆ ಇಲ್ಲಿ ಬೆಲೆ ಇಲ್ಲ.

ಈಗ ನನ್ನ ಕಥೆ. ಹೀಗೆ ಎಲ್ಲ ಸರಿಯಾಗಿ ಮಾಡಿ ಪತ್ರ ಕಳಿಸಿದೆ. ತಮ್ಮ ಅದನ್ನು ಭದ್ರವಾಗಿ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟ. ಐದು ತಿಂಗಳು ಕಳೆದು, ಅಡಿಕೆ ಸುಲಿತ ಮುಗಿಸಿ, ಕಚೇರಿಗೆ ಹೋದ. ಅಲ್ಲಿ ‘ಛಾಪಾ ಶುಲ್ಕ ಕಟ್ಟಿಲ್ಲ, ಅವಧಿ ಮುಗಿದಿದೆ’ ಎಂದರು. ಹೊರದೇಶದಲ್ಲಿ ಸಹಿ ಆದ ಪತ್ರ ಕರ್ನಾಟಕಕ್ಕೆ ಬಂದ 3 ತಿಂಗಳೊಳಗೆ ಅದಕ್ಕೆ ಇಲ್ಲಿ ಛಾಪಾ ಶುಲ್ಕ ಕಟ್ಟಿ ಮುದ್ರೆ ಹಾಕಿಸಬೇಕು. ನಾನು ಅವನಿಗೆ ಹೇಳಿರಲಿಲ್ಲ, ನನಗೂ ಗೊತ್ತಿರಲಿಲ್ಲ. ದಂಡಕ್ಕಿಂತ ಓಡಾಟವೇ ಜಾಸ್ತಿ ಆಯಿತು. ಆದ್ದರಿಂದ ಪತ್ರ ಕೈಗೆ ಬಂದ ವಾರದಲ್ಲೇ ಜಿಲ್ಲಾ ನೋಂದಣಾಧಿಕಾರಿ ಕಚೇರಿಗೆ ಒಯ್ಯಲು ಹೇಳಿ. ಮತ್ತೆ ಕೊರಿಯರ್ ಕವರನ್ನು ಒಲೆಗೆ ಹಾಕಬೇಡಿ. ಪತ್ರ ಯಾವ ದಿನ ಬಂತು ಎಂಬುದಕ್ಕೆ ಅದೇ ಸಾಕ್ಷಿ.

ಪತ್ರ ಕೊಟ್ಟವರು ತೀರಿಕೊಂಡರೆ ಅಧಿಕಾರ ಅಲ್ಲಿಗೆ ಮುಗಿಯಿತು. ಅಪ್ಪ ಕೊಟ್ಟ ಜಿಪಿಎ ಹಿಡಿದು ಅಪ್ಪನ ವರ್ಷಾಂತಿಕ ಆದ ಮೇಲೂ ಸಹಿ ಹಾಕುತ್ತಿದ್ದವರನ್ನು ನೋಡಿದ್ದೇನೆ. ಇನ್ನು, ನಂಬಿಕೆ ಕೆಟ್ಟಿತು ಎಂದು ರದ್ದು ಮಾಡುವಾಗ ಫೋನಲ್ಲಿ ಬೈದರೆ ಸಾಲದು. ಮೂಲ ಪತ್ರ ನೋಂದಣಿ ಆಗಿದ್ದರೆ ರದ್ದತಿಯನ್ನೂ ನೋಂದಾಯಿಸಿ. ಅದರ ಪ್ರತಿ ಬ್ಯಾಂಕಿಗೆ, ಮಂಡಿಗೆ ಮುಟ್ಟಲಿ.

ತೋಟವನ್ನು ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಡುವವರು ಒಂದು ಪದದ ಬಗ್ಗೆ ಹುಷಾರಾಗಿರಿ. ಕರಾರಿನಲ್ಲಿ ‘ಈ ವರ್ಷದ ಫಸಲು ಮಾತ್ರ’ ಎಂದು ಬರೆಯಿರಿ. ‘ಗೇಣಿ’ ಎಂದು ಬರೆಯಲೇಬೇಡಿ. ಕೃಷಿ ಜಮೀನನ್ನು ಗೇಣಿಗೆ ಕೊಡುವುದಕ್ಕೆ ನಮ್ಮಲ್ಲಿ ಭೂ ಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯಿಂದ ನಿಷೇಧ ಇದೆ. 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ ಕಾಗೋಡು ಇರುವ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಆದರೂ ಬರೆಯುತ್ತಾರೆ.

4. ಬ್ಯಾಂಕಿಗೆ ಸುಳ್ಳು ಹೇಳಬೇಡಿ

ವ್ಯಾಪಾರಕ್ಕೋ ಕೆಲಸಕ್ಕೋ ಹೊರಟಿರಿ ಎಂದರೆ, ವಿದೇಶಿ ವಿನಿಮಯದ ಫೆಮಾ ಕಾನೂನಿನ ಲೆಕ್ಕದಲ್ಲಿ ಹೋದ ದಿನದಿಂದಲೇ ನೀವು ಅನಿವಾಸಿ. ನಿಮ್ಮ ಹಳೇ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಯ ಇಲ್ಲಿನ ಆದಾಯದ ಖಾತೆ) ಮಾಡಿಸಬೇಕು. ‘ಯಾರು ನೋಡ್ತಾರೆ, ಸುಮ್ನೆ ಇರಿ’ ಎನ್ನುವ ಸಲಹೆ ಪ್ರತಿ ಊರಲ್ಲೂ ಸಿಗುತ್ತದೆ. ಕೇಳಬೇಡಿ. ಅಡಿಕೆ ಮಾರಿದ ದುಡ್ಡು, ಮನೆ ಬಾಡಿಗೆ ಎನ್‌ಆರ್‌ಒಗೆ ಬರಲಿ. ದುಬೈಯಲ್ಲಿ ದುಡಿದದ್ದು ಎನ್‌ಆರ್‌ಇ (ಅನಿವಾಸಿಯ ಹೊರದೇಶದ ಆದಾಯದ ಖಾತೆ)ಗೆ ಬರಲಿ. ಎನ್‌ಆರ್‌ಇ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ, ದುಡ್ಡನ್ನು ಯಾವಾಗ ಬೇಕಾದರೂ ವಾಪಸ್ ಒಯ್ಯಬಹುದು. ಎನ್‌ಆರ್‌ಒ ಬಡ್ಡಿಗೆ ಶೇ 30ರ ಮೇಲೆ ಸೆಸ್ ಸೇರಿ ಮೂಲದಲ್ಲೇ ತೆರಿಗೆ ಹಿಡಿಯುತ್ತಾರೆ. ಅದಕ್ಕೇ ನಾನು ಎನ್‌ಆರ್‌ಒದಲ್ಲಿ ಖರ್ಚಿಗೆ ಬೇಕಾದಷ್ಟು ಮಾತ್ರ ಇಡುತ್ತಿದ್ದೆ.

ಆದಾಯ ತೆರಿಗೆಯವರ ಲೆಕ್ಕ ಬೇರೆ. ಅವರು ದಿನ ಎಣಿಸುತ್ತಾರೆ. ಊರಿಗೆ ಬಂದುಹೋಗುವ ಅನಿವಾಸಿಗೆ ಸಾಮಾನ್ಯವಾಗಿ ವರ್ಷಕ್ಕೆ 182 ದಿನದ ಮಿತಿ. ಇಲ್ಲಿನ ತೆರಿಗೆಗೆ ಬರುವ ಆದಾಯ 15 ಲಕ್ಷ ದಾಟಿದವರು 120 ದಿನ ದಾಟುವ ಮುಂಚೆಯೇ ಲೆಕ್ಕಪರಿಶೋಧಕರನ್ನು ಕೇಳಬೇಕು. ಅಡಿಕೆ ಗೊನೆ ಕೊಯ್ಲಿಗೆಂದು ಬಂದು, ಮದುವೆ ಸೀಸನ್ ಮುಗಿಸಿ ಹೋಗುತ್ತೇನೆ ಎಂದು ಕೂತವರು ಪಾಸ್‌ಪೋರ್ಟಿನ ಮುದ್ರೆ ಎಣಿಸಿಕೊಳ್ಳಿ.

ದುಡ್ಡು ಕೈಯಲ್ಲಿ ಆಡಿದ ಕೂಡಲೇ ಎಲ್ಲರಿಗೂ ಪಕ್ಕದ ಎರಡು ಎಕರೆ ತೋಟ ಕಾಣುತ್ತದೆ. ‘ಭೂ ಸುಧಾರಣಾ ಕಾಯ್ದೆಗೆ 2020ರ ತಿದ್ದುಪಡಿ ಆದ ಮೇಲೆ ಯಾರು ಬೇಕಾದರೂ ಜಮೀನು ಕೊಳ್ಳಬಹುದು’ ಎಂದು ಬ್ರೋಕರ್ ಹೇಳುತ್ತಾನೆ. ರಾಜ್ಯದ ಕಾನೂನಿನ ಮಟ್ಟಿಗೆ ಅದು ನಿಜ. ಆದರೆ ಫೆಮಾ ಪ್ರಕಾರ ಅನಿವಾಸಿ ಭಾರತೀಯ ಕೃಷಿ ಜಮೀನು, ಪ್ಲಾಂಟೇಶನ್, ತೋಟದ ಮನೆ ಕೊಳ್ಳುವಂತಿಲ್ಲ. ಮೊದಲೇ ಇದ್ದ ತೋಟ ಇಟ್ಟುಕೊಳ್ಳಬಹುದು, ಪಿತ್ರಾರ್ಜಿತವಾಗಿ ಬಂದರೆ ಪಡೆಯಬಹುದು. ಸೈಟು, ಮನೆ ಕೊಳ್ಳಲು ಅಡ್ಡಿಯಿಲ್ಲ. ಭಾವನ ಹೆಸರಲ್ಲಿ ತೋಟ ಕೊಂಡು ನಿಮ್ಮದೆಂದು ಉಳಿಸಿಕೊಂಡರೆ ಅದು ಬೇನಾಮಿ.

ಮೊಬೈಲ್ ನಂಬರ್! ಇದನ್ನು ಮರೆತರೆ ಮೇಲಿನದೆಲ್ಲ ದಂಡ. ಆಧಾರ್, ಬ್ಯಾಂಕ್ ಎಲ್ಲದರ ಒಟಿಪಿ ಇಲ್ಲಿನ ಸಿಮ್ಮಿಗೇ ಬರುವುದು. ಹೊರಡುವ ಮೊದಲು ರೋಮಿಂಗ್ ಹಾಕಿಸಿ, ರೀಚಾರ್ಜ್ ಮಾಡುವ ಕೆಲಸ ಮನೆಯ ಒಬ್ಬರಿಗೆ ವಹಿಸಿ. ತೋಟದಲ್ಲಿ ಯಾವ ಸಿಮ್‌ಗೆ ಸಿಗ್ನಲ್ ಸಿಗುತ್ತದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ, ದುಬೈಯಲ್ಲಿ ಎಸ್ಸೆಮ್ಮೆಸ್ ಬರಬೇಕು ಅಷ್ಟೇ.

5. ಅಂಗಡಿ

ಲೈಸೆನ್ಸ್ ಎರಡು ಥರ. ಬೀದಿಯಲ್ಲಿ ಅಂಗಡಿ ತೆರೆದು ಗಿರಾಕಿಗೆ ಮಾರಬೇಕಾದರೆ ಮೇನ್‌ಲ್ಯಾಂಡ್ ಲೈಸೆನ್ಸ್. ಅಗ್ಗದಲ್ಲಿ ಸಿಗುತ್ತದೆ ಎಂದು ಫ್ರೀ ಝೋನ್ (ಬೇರೆಯೇ ನಿಯಮ ಇರುವ ವ್ಯಾಪಾರ ವಲಯ) ಲೈಸೆನ್ಸ್ ಕೊಂಡು, ದೇರಾದಲ್ಲಿ ಮಳಿಗೆ ಹಾಕಲು ಆಗದೆ ಒದ್ದಾಡಿದವರು ಇಬ್ಬರು ನನ್ನ ಪರಿಚಯದವರೇ. ಮೊದಲೆಲ್ಲ ಮೇನ್‌ಲ್ಯಾಂಡ್ ಕಂಪನಿಯಲ್ಲಿ ಶೇ 51 ಪಾಲು ಅಲ್ಲಿನ ಪ್ರಜೆಯ ಹೆಸರಲ್ಲಿ ಇರಬೇಕಿತ್ತು. 2021ರ ಜೂನ್‌ನಿಂದ ಹೆಚ್ಚಿನ ವ್ಯಾಪಾರಗಳಿಗೆ ಅದು ಬೇಕಿಲ್ಲ. ಈಗಲೂ ‘ಲೋಕಲ್ ಪಾರ್ಟ್ನರ್ ಕೊಡಿಸ್ತೀನಿ’ ಎಂದು ವರ್ಷ ವರ್ಷ ದುಡ್ಡು ಕೇಳುವವರಿದ್ದಾರೆ.

ಬಾಡಿಗೆಗೆ ಮುಂದಿನ ತಾರೀಖಿನ ಚೆಕ್ ಕೊಡಬೇಕು. ನಮ್ಮಲ್ಲಿನ ಹಾಗೆ ‘ಮುಂದಿನ ವಾರ ಹಾಕ್ಕೊಳ್ಳಿ ಸಾರ್’ ನಡೆಯುವುದಿಲ್ಲ. 2022ರಿಂದ ಚೆಕ್ ಬೌನ್ಸ್ ಕಾನೂನು ಸಡಿಲ ಆಗಿದೆ, ಆದರೆ ದುಡ್ಡು ವಸೂಲಿಗೆ ನೇರ ಜಾರಿ ಮಾಡಿಸುತ್ತಾರೆ. ಆರು ತಿಂಗಳ ಬಾಡಿಗೆ ಪಕ್ಕಕ್ಕೆ ಇಡದೆ ಬಾಗಿಲು ತೆರೆಯಬೇಡಿ. ನನ್ನ ಮಟ್ಟಿಗೆ ಇದರಲ್ಲಿ ರಾಜಿ ಇಲ್ಲ.

ದುಬೈಯಲ್ಲಿ ತೆರಿಗೆಯೇ ಇಲ್ಲ ಎಂಬ ಮಾತು ಹಳೇದಾಯಿತು. ಸಂಬಳಕ್ಕೆ ಇಲ್ಲ, ನಿಜ. ಆದರೆ 2018ರಿಂದ ಶೇ 5 ವ್ಯಾಟ್ ಇದೆ. ವರ್ಷದ ವಹಿವಾಟು 3,75,000 ದಿರ್ಹಮ್ ದಾಟಿದರೆ ನೋಂದಣಿ ಕಡ್ಡಾಯ. 2023ರ ಜೂನ್‌ನಿಂದ ಶುರುವಾದ ಲೆಕ್ಕದ ವರ್ಷಗಳಿಗೆ ಕಂಪನಿ ತೆರಿಗೆಯೂ ಬಂದಿದೆ, 3,75,000 ದಿರ್ಹಮ್ ಮೇಲಿನ ಲಾಭಕ್ಕೆ ಶೇ 9. ಲಾಭ ಇಲ್ಲದ ಕಂಪನಿಯೂ ನೋಂದಣಿ ಮಾಡಿಸಬೇಕು, ತಡವಾದರೆ 10,000 ದಿರ್ಹಮ್ ದಂಡ. ಲೆಕ್ಕ ಬರೆಯುವವನನ್ನು ಮೊದಲ ತಿಂಗಳಿಂದಲೇ ಇಟ್ಟುಕೊಳ್ಳಿ.

6. ಪೆಟ್ಟಿಗೆ ಕಟ್ಟುವಾಗ

ಗಸಗಸೆ ಬೇಡ. ಪಾಯಸಕ್ಕೆ ಎಂದು ಅಮ್ಮ ಮೂಲೆಯಲ್ಲಿ ತುರುಕಿದ ಪೊಟ್ಟಣವೂ ಬೇಡ. ಯುಎಇಯಲ್ಲಿ ಅದು ಮಾದಕ ವಸ್ತುವಿನ ಲೆಕ್ಕ, ಸಿಕ್ಕರೆ ಜೈಲು. ವೀಳ್ಯದೆಲೆ, ಕವಳದ ಸಾಮಾನೂ ನಿಷೇಧ. ಮಲೆನಾಡಿನವರಿಗೆ ಇದು ಕಷ್ಟವೇ. ಹಾಗಾಗಿ ಎಲೆಯಡಿಕೆ ಚೀಲವನ್ನು ವಿಮಾನ ನಿಲ್ದಾಣಕ್ಕೆ ಬಿಡಲು ಬಂದವರ ಕೈಗೇ ಕೊಟ್ಟುಬಿಡಿ. ಕೆಮ್ಮಿನ ಔಷಧಿ, ನೋವಿನ ಮಾತ್ರೆ ಒಯ್ಯುವುದಾದರೆ ಅಲ್ಲಿ ಅನುಮತಿ ಇದೆಯಾ ನೋಡಿ, ವೈದ್ಯರ ಚೀಟಿ ಜೊತೆಗಿಡಿ.

ಅಪ್ಪೆಮಿಡಿ ಉಪ್ಪಿನಕಾಯಿಗೆ ಅಡ್ಡಿಯಿಲ್ಲ. ಆದರೆ ಕೈಚೀಲಕ್ಕೆ ಹಾಕಿದರೆ ತಪಾಸಣೆಯಲ್ಲಿ ತೆಗೆದಿಡಬಹುದು. ದೊಡ್ಡ ಪೆಟ್ಟಿಗೆಗೇ ಹಾಕಿ. ಗಾಜಿನ ಬಾಟಲಿ ಬೇಡ, ಪ್ಲಾಸ್ಟಿಕ್ ಡಬ್ಬಿ, ಮುಚ್ಚಳದ ಸುತ್ತ ಟೇಪು, ಮೇಲೆ ಎರಡು ಕವರ್, ಅದರ ಮೇಲೆ ಹಳೇ ಪಂಚೆ. ಪವರ್ ಆಫ್ ಅಟಾರ್ನಿಯ ಪ್ರತಿ ಮಾತ್ರ ಆ ಪೆಟ್ಟಿಗೆಯಲ್ಲಿ ಬೇಡ. ನನ್ನದು ಈಗಲೂ ಮಿಡಿ ವಾಸನೆ ಹೊಡೆಯುತ್ತದೆ.