ಹೊಸ ಕ್ವಾರ್ಟರ್‌ಬ್ಯಾಕ್ ಬಗ್ಗೆ ವಾದಕ್ಕೆ ಕೂರುವ ಮುಂಚೆ

ಎನ್‌ಎಫ್‌ಎಲ್ ಸೀಸನ್ ಶುರುವಾದರೆ ಹೊಸ ಕ್ವಾರ್ಟರ್‌ಬ್ಯಾಕ್, ಅಂದರೆ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಎಸೆದು ತಂಡದ ದಾಳಿ ನಡೆಸುವವನ ಬಗ್ಗೆ ನನಗೂ ನಮ್ಮ ಭಾವನಿಗೂ ವಾದ ಶುರು. "ಈ ಹುಡುಗನ ಕೈಲಿ ಆಗಲ್ಲಮ್ಮ, ಮೂರು ಇಂಟರ್‌ಸೆಪ್ಷನ್ ಕೊಟ್ಟ" ಅಂತ ಅವರು (ಎಸೆದ ಚೆಂಡು ಎದುರಾಳಿಯ ಕೈಗೆ ಸಿಕ್ಕರೆ ಅದು ಇಂಟರ್‌ಸೆಪ್ಷನ್). "ಪೇಟನ್ ಮ್ಯಾನಿಂಗ್ ಮೊದಲ ವರ್ಷ 28 ಕೊಟ್ಟಿದ್ದರು ಭಾವ" ಅಂತ ನಾನು. ಎಷ್ಟೋ ವರ್ಷ ಹೀಗೇ ಕಳೆದ ಮೇಲೆ, ಎರಡೂ ಮಾತಲ್ಲಿ ಹುರುಳಿಲ್ಲ ಅಂತ ನನಗೆ ಅರ್ಥವಾಯಿತು. ಈಗ ನಾನು ಹೇಗೆ ನೋಡುತ್ತೇನೆ ಅಂತ ಹೇಳುತ್ತೇನೆ. ನೀವೂ ಒಂದು ಸೀಸನ್ ಮಾಡಿ ನೋಡಿ.

ಮೊದಲು ಆ ಮ್ಯಾನಿಂಗ್ ಉದಾಹರಣೆಯನ್ನೇ ಬಿಡಿಸಿ ನೋಡಿ. 1998ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸುವುದು) ಅವರು ಮೊದಲ ಪಿಕ್, ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ರಯನ್ ಲೀಫ್ ಎರಡನೇ ಪಿಕ್. ಲೀಫ್ ಆ ವರ್ಷ 2 ಟಚ್‌ಡೌನ್ ಹಾಕಿ 15 ಇಂಟರ್‌ಸೆಪ್ಷನ್ ಕೊಟ್ಟರು. ಮ್ಯಾನಿಂಗ್ ಇದ್ದ ಕೋಲ್ಟ್ಸ್ ಗೆದ್ದದ್ದು ಬರೀ 3 ಪಂದ್ಯ. ಆದರೆ ಮರುವರ್ಷ ಅದೇ ಕೋಲ್ಟ್ಸ್ 13 ಗೆದ್ದಿತು, ಲೀಫ್ ಮಾತ್ರ ಮೇಲೇಳಲೇ ಇಲ್ಲ. ಇಂಟರ್‌ಸೆಪ್ಷನ್ ಲೆಕ್ಕವೊಂದನ್ನೇ ನೋಡಿದ್ದರೆ ಇವರಿಬ್ಬರಲ್ಲಿ ಯಾರು ಬೆಳೆಯುತ್ತಾರೆ ಅಂತ ಹೇಳೋಕೆ ಆಗುತ್ತಿತ್ತಾ? ಮ್ಯಾನಿಂಗ್ 575 ಸಲ ಎಸೆದು 22 ಸಲ ಮಾತ್ರ ಸ್ಯಾಕ್ ಆಗಿದ್ದರು (ಎಸೆಯುವ ಮುಂಚೆಯೇ ಎದುರಾಳಿ ಕೆಡವಿದರೆ ಸ್ಯಾಕ್). ಅಂದರೆ ತಪ್ಪು ಮಾಡುತ್ತಿದ್ದರೂ ಚೆಂಡು ಹೊತ್ತಿಗೆ ಸರಿಯಾಗಿ ಕೈಯಿಂದ ಹೊರಡುತ್ತಿತ್ತು. ನಾನು ಹುಡುಕೋದು ಇಂಥದ್ದನ್ನೇ.

ಹುಡುಕೋಕೆ ಪಂದ್ಯವನ್ನು ಎರಡನೇ ಸಲ ನೋಡಬೇಕು. ಪೂರ್ತಿ ಬೇಡ, ಮೂರನೇ ಡೌನ್‌ಗಳು (10 ಯಾರ್ಡ್ ಮುಂದೆ ಹೋಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು) ಸಾಕು. ಆಲ್-22 ವಿಡಿಯೋ ಸಿಕ್ಕರೆ ಅದನ್ನೇ ನೋಡಿ. ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ, ಚೆಂಡು ಹಿಡಿಯಲು ದೂರ ಓಡಿದ ರಿಸೀವರ್‌ಗಳು ಕಾಣೋದೇ ಇಲ್ಲ. ಆಲ್-22ರಲ್ಲಿ ಇಪ್ಪತ್ತೆರಡು ಜನರೂ ಕಾಣುತ್ತಾರೆ. "ಯಾರೂ ಖಾಲಿ ಇರಲಿಲ್ಲ" ಅಂತ ವಾದಿಸುವವರು ಬಹಳಷ್ಟು ಸಲ ಅದನ್ನು ನೋಡಿರುವುದಿಲ್ಲ.

ನನ್ನ ನೋಟ್‌ಬುಕ್‌ನಲ್ಲಿ ಒಂದೊಂದು ಡೌನ್‌ನ ಆಟಕ್ಕೆ ಒಂದು ಸಾಲು. "ಎರಡನೇ ಕ್ವಾರ್ಟರ್, ಮೂರನೇ ಡೌನ್, 7 ಯಾರ್ಡ್ ಬೇಕು." ಸ್ನ್ಯಾಪ್ ಆದ ಕೂಡಲೇ, ಅಂದರೆ ಚೆಂಡು ಹಿಂದಕ್ಕೆ ಅವನ ಕೈಗೆ ಬಂದ ಕೂಡಲೇ, ಬಾಯಲ್ಲಿ ಎಣಿಸುತ್ತೇನೆ: ಒಂದು ಸೆಕೆಂಡ್, ಎರಡು ಸೆಕೆಂಡ್, ಮೂರು. ಎರಡು ಮುಗಿಯುವ ಮುಂಚೆ ಡಿಫೆಂಡರ್ ಮೈಮೇಲೆ ಬಿದ್ದರೆ ನಾನು ಅವನನ್ನು ಕಾಯುವ ಲೈನ್‌ನವರ ಹೆಸರಿಗೆ ಬರೆಯುತ್ತೇನೆ. ನಾಲ್ಕು ದಾಟಿದರೂ ಚೆಂಡು ಕೈಯಲ್ಲೇ ಇದ್ದರೆ ಹುಡುಗನ ಹೆಸರಿಗೆ. ಆಮೇಲೆ ಕಾಲು ನೋಡುತ್ತೇನೆ. ಹಿಂದಿನ ಕಾಲು ಊರಿ, ಮುಂದಿನದನ್ನು ಗುರಿಯ ಕಡೆಗೆ ಇಟ್ಟು ಎಸೆದನಾ, ಅಥವಾ ಹಿಂದಕ್ಕೆ ವಾಲಿಕೊಂಡು ಎಸೆದನಾ? ಎದುರಿಗೆ ಯಾರೂ ಇಲ್ಲದಿದ್ದಾಗಲೂ ವಾಲುತ್ತಿದ್ದರೆ ಅವನ ಮನಸ್ಸಲ್ಲಿ ಏಟಿನ ಭಯ ಕೂತಿದೆ ಅಂತ. ಅದು ನನಗೆ ಇಂಟರ್‌ಸೆಪ್ಷನ್‌ಗಿಂತ ಜಾಸ್ತಿ ಚಿಂತೆ ಹುಟ್ಟಿಸುತ್ತದೆ.

ಇಂಟರ್‌ಸೆಪ್ಷನ್‌ಗಳನ್ನೂ ಬೇರೆ ಬೇರೆ ಮಾಡಿ. ರಿಸೀವರ್ ಕೈಗೆ ತಗುಲಿ ಚಿಮ್ಮಿದ್ದು ಒಂದು ಥರ. ಝೋನ್‌ನಲ್ಲಿ (ತನ್ನ ಪಾಲಿನ ಜಾಗ ಕಾಯುತ್ತ) ಅಡಗಿ ನಿಂತ ಎದುರಾಳಿ ಲೈನ್‌ಬ್ಯಾಕರ್ ಕಾಣದೆ ನೇರ ಅವನ ಕೈಗೆ ಕೊಟ್ಟಿದ್ದು ಇನ್ನೊಂದು ಥರ. ಎರಡನೆಯದು ಹೊಸಬರಿಗೆ ಸಹಜ. ಅದೇ ಬಲೆಗೆ ಆರು ವಾರದ ಮೇಲೂ ಬೀಳುತ್ತಿದ್ದಾನಾ ಅನ್ನೋದನ್ನು ನೋಡಬೇಕು.

ಇಷ್ಟಾದ ಮೇಲೆ ಅವನ ಸುತ್ತಮುತ್ತ ಯಾರಿದ್ದಾರೆ ನೋಡಿ. 2016ರ ಮೊದಲ ಪಿಕ್ ಜ್ಯಾರೆಡ್ ಗಾಫ್ ಆ ವರ್ಷ ಶುರುಮಾಡಿದ 7 ಪಂದ್ಯವನ್ನೂ ಸೋತರು. ಮರುವರ್ಷ ರ‍್ಯಾಮ್ಸ್‌ಗೆ ಶಾನ್ ಮೆಕ್‌ವೇ ಕೋಚ್ ಆಗಿ ಬಂದರು, ಲೈನ್‌ನಲ್ಲಿ ಎಡಗಡೆ ಕಾಯುವ ಎಡ ಟ್ಯಾಕಲ್ ಜಾಗಕ್ಕೆ ಆಂಡ್ರೂ ವಿಟ್‌ವರ್ತ್ ಬಂದರು. ಅದೇ ಗಾಫ್ 28 ಟಚ್‌ಡೌನ್, 7 ಇಂಟರ್‌ಸೆಪ್ಷನ್. ಡೇವಿಡ್ ಕಾರ್‌ಗೆ ಆ ಅದೃಷ್ಟ ಇರಲಿಲ್ಲ. 2002ರಲ್ಲಿ ಅವರು ಸೇರಿದ ಟೆಕ್ಸನ್ಸ್ ಹೊಸದಾಗಿ ಹುಟ್ಟಿದ ತಂಡ, ಆ ಒಂದೇ ಸೀಸನ್‌ನಲ್ಲಿ ಅವರು 76 ಸಲ ಸ್ಯಾಕ್ ಆದರು. ಇಪ್ಪತ್ತಮೂರು ವರ್ಷದ ಹುಡುಗ ಅಷ್ಟು ಏಟು ತಿಂದಿದ್ದನ್ನು ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ.

ಇನ್ನು ಡ್ರಾಫ್ಟ್ ಗಾಳಿಸುದ್ದಿ. ಏಪ್ರಿಲ್ ಹತ್ತಿರ ಬಂದ ಹಾಗೆ ಎಲ್ಲರ ಬಾಯಲ್ಲೂ ಒಂದೊಂದು ಹೆಸರು. ಹೇಳಿದವರು ಯಾರು, ನಾವು ನಂಬಿದರೆ ಅವರಿಗೇನು ಲಾಭ, ಈ ಎರಡನ್ನು ತಾರೀಖಿನ ಜೊತೆ ಬರೆದಿಡಿ. ತನಗೆ ಬೇಕಾದ ಆಟಗಾರನನ್ನು ಬಚ್ಚಿಡಲು ತಂಡ ಬೇರೆ ಹೆಸರು ತೇಲಿಬಿಡುತ್ತದೆ. ತನ್ನ ಹುಡುಗನ ಬೆಲೆ ಏರಿಸಲು ಏಜೆಂಟ್ ಮಾತಾಡುತ್ತಾನೆ.

2023ರಲ್ಲಿ ನಾನು ಎಡವಿದೆ. ವಿಲ್ ಲೆವಿಸ್ ಮೊದಲ ಪಿಕ್ ಆಗುತ್ತಾರೆ ಅಂತ ಹೆಸರಿಲ್ಲದ ಯಾರೋ ಬರೆದಿದ್ದರು. ಬೆಟ್ಟಿಂಗ್ ದರವೂ ಅವರ ಕಡೆ ವಾಲಿತು. ಎರಡು ಕಡೆಯಿಂದ ಒಂದೇ ಮಾತು ಬಂತಲ್ಲ ಅಂತ ನಂಬಿ ಭಾವನಿಗೆ ಫೋನ್ ಮಾಡಿ ಹೇಳಿದೆ. ಅವರು ತಮ್ಮ ಗೆಳೆಯರಿಗೆಲ್ಲ ಹೇಳಿದರು. ಮೊದಲ ಪಿಕ್ ಇದ್ದ ಪ್ಯಾಂಥರ್ಸ್ ಬ್ರೈಸ್ ಯಂಗ್‌ರನ್ನು ಆರಿಸಿತು. ಲೆವಿಸ್ ಮೊದಲ ಸುತ್ತು ಪೂರ್ತಿ ಕುರ್ಚಿಯಲ್ಲೇ ಕೂತಿದ್ದರು, ಮಾರನೇ ದಿನ 33ನೇ ಪಿಕ್ ಆಗಿ ಟೈಟನ್ಸ್‌ಗೆ ಹೋದರು. ಆ ದರ ಏರಿದ್ದೇ ಆ ಸುದ್ದಿಯಿಂದ. ಅದನ್ನು ನಾನು ಎರಡನೇ ಸಾಕ್ಷಿ ಅಂದುಕೊಂಡಿದ್ದೆ.

ಹಾಗಾದರೆ ಏನನ್ನು ನಂಬೋದು? ತಂಡ ಕೊಟ್ಟ ಬೆಲೆಯನ್ನು. 2021ರಲ್ಲಿ 12ನೇ ಜಾಗದಿಂದ 3ಕ್ಕೆ ಏರಲು 49ಅರ್ಸ್ ಮುಂದಿನ ಎರಡು ವರ್ಷದ ಮೊದಲ ಸುತ್ತಿನ ಪಿಕ್‌ಗಳನ್ನೂ ಕೊಟ್ಟಿತು. ಅಷ್ಟು ಕೊಟ್ಟ ಮೇಲೆ ಕ್ವಾರ್ಟರ್‌ಬ್ಯಾಕ್ ಬೇಕು ಅನ್ನೋದು ಖಚಿತ. ಯಾವ ಕ್ವಾರ್ಟರ್‌ಬ್ಯಾಕ್ ಅನ್ನೋದು ಗಾಳಿಮಾತು. ವಾರಗಟ್ಟಲೆ ಮ್ಯಾಕ್ ಜೋನ್ಸ್ ಹೆಸರು ಓಡಾಡಿತು, ಆರಿಸಿದ್ದು ಟ್ರೇ ಲ್ಯಾನ್ಸ್‌ರನ್ನು.

ಈಗ ಭಾವ ಫೋನ್ ಮಾಡಿ "ಇವನ ಕಥೆ ಮುಗೀತಮ್ಮ" ಅಂದರೆ, ಯಾವ ಆಟ ನೋಡಿ ಹೇಳುತ್ತಿದ್ದೀರಿ ಅಂತ ಕೇಳುತ್ತೇನೆ. ಅವರು ಕ್ವಾರ್ಟರ್, ಡೌನ್ ಹೇಳುತ್ತಾರೆ. ನಾನು ನೋಟ್‌ಬುಕ್ ತೆರೆಯುತ್ತೇನೆ, ಇಬ್ಬರೂ ವಿಡಿಯೋವನ್ನು ಅಲ್ಲಿಗೇ ತಂದು ನಿಲ್ಲಿಸಿ, ಒಟ್ಟಿಗೆ ಎಣಿಸುತ್ತೇವೆ.