ಎರೆ ನೆಲದಲ್ಲಿ ಸೀಸ ಹುಡುಕುವಾಗ

ಹಳೆ ಬ್ಯಾಟರಿ ಒಡೆದು ಸೀಸ ಕರಗಿಸಿದ ಜಾಗಗಳಲ್ಲಿ ಮಣ್ಣಿನ ಮಾದರಿ ತೆಗೆಯುವುದು ನಮ್ಮ ಕೆಲಸ. ದಾವಣಗೆರೆ ಸುತ್ತಿನ ಎರೆಯಲ್ಲಿ, ಅಂದರೆ ಬೇಸಿಗೆಗೆ ಬಿರಿಯುವ ಕಪ್ಪು ಮಣ್ಣಿನಲ್ಲಿ, ಈ ಕೆಲಸ ಕೆಡುವುದು ಪ್ರಯೋಗಾಲಯದಲ್ಲಿ ಅಲ್ಲ, ಗುಂಡಿ ತೋಡುವಾಗಲೇ.

ಸೀಸ ಮಣ್ಣಿಗೆ ಬಿಗಿಯಾಗಿ ಅಂಟುತ್ತದೆ, ಮೇಲಿನ 15 ಸೆಂ.ಮೀ. ನೋಡಿದರೆ ಸಾಕು ಅನ್ನುತ್ತಾರೆ. ಬಿರಿಯದ ನೆಲಕ್ಕೆ ಆ ಲೆಕ್ಕ ಬಹುಮಟ್ಟಿಗೆ ಸರಿ, ಎರೆಗೆ ಸಲ್ಲದು. ಬೇಸಿಗೆಯಲ್ಲಿ ನೆಲ ಬಿರಿದಾಗ ಕುಲುಮೆಯ ಬೂದಿ, ಬ್ಯಾಟರಿ ಪ್ಲೇಟಿನ ಚೂರು ಬಿರುಕಿಗೆ ಇಳಿಯುತ್ತವೆ. ಮಳೆಗೆ ನೆಲ ಉಬ್ಬಿ ಬಿರುಕು ಮುಚ್ಚಿದರೆ ಅವು ಒಳಗೇ ಉಳಿದವು. ಗುಂಡಿಯ ಗೋಡೆಯನ್ನು ಚಾಕುವಿನಿಂದ ಕೆರೆದರೆ ಕಪ್ಪು ಮಣ್ಣಿನ ನಡುವೆ ಬೂದು ಬಣ್ಣದ ಎಳೆ ಮೊಣಕಾಲುದ್ದ ಇಳಿದಿರುವುದು ಕಾಣುತ್ತದೆ. ಆ ಎಳೆಯ ಮಣ್ಣಿಗೆ ಬೇರೆಯದೇ ಚೀಲ.

ಸ್ವಾತಿ ಮಳೆ ಮುಗಿದು ನೆಲ ಹದಕ್ಕೆ ಬಂದ ಮೇಲೆ ಹೋಗಬೇಕು. ಹಸಿ ಎರೆ ಸಲಕರಣೆಗೆ ಮೆತ್ತಿಕೊಂಡು ಮೇಲಿನ ಸೀಸವನ್ನು ಕೆಳಗಿನ ಪದರಕ್ಕೆ ಒಯ್ಯುತ್ತದೆ. ಒಣಗಿದರೆ ಕಲ್ಲಿನಂತೆ, ಹಾರೆಯೇ ಬೇಕು. 10 ಮೀಟರ್ ಚೌಕಗಳಿಗೆ ದಾರ ಕಟ್ಟಿ 0–15, 15–30, 30–60, 60–90 ಸೆಂ.ಮೀ. ಪದರಗಳಿಂದ ಅರ್ಧರ್ಧ ಕಿಲೋ ತೆಗೆಯುತ್ತೇವೆ. ಪದರ ಬದಲಾದಾಗಲೆಲ್ಲ ಸ್ಟೀಲ್ ಕರಣೆ ತೊಳೆಯಬೇಕು. ಚೌಕಗಳ ಮಣ್ಣನ್ನು ಒಟ್ಟಿಗೆ ಕಲಸಲೇಬಾರದು, ಕುಲುಮೆಯಿದ್ದ ಮೂಲೆಯ ವಿಷ ಸರಾಸರಿಯಲ್ಲಿ ಮರೆಯಾಗುತ್ತದೆ. ಹೋಲಿಕೆಗೆ ಹೊಗೆ ತಾಗದ ದಿಕ್ಕಿನ ಎರೆ ಹೊಲದ ಮಣ್ಣೇ ಆಗಬೇಕು. ಮಸಾರಿ, ಅಂದರೆ ಕೆಂಪು ಮಣ್ಣು ತಂದಿಟ್ಟರೆ ವರದಿ ನಿಲ್ಲುವುದಿಲ್ಲ.

ಇಲ್ಲಿನ ಎರೆಯಲ್ಲಿ ಸುಣ್ಣದ ಹರಳಿರುತ್ತವೆ. ತೆಳು ಹೈಡ್ರೋಕ್ಲೋರಿಕ್ ಆಸಿಡ್ ಹನಿಸಿದರೆ ನೊರೆ ಬರಬೇಕು. ಪಕ್ಕದ ಹೊಲದಲ್ಲಿ ನೊರೆ ಬಂದು ಇಲ್ಲಿ ಬಾರದಿದ್ದರೆ ಬ್ಯಾಟರಿ ಆಸಿಡ್ ಸುಣ್ಣವನ್ನು ತಿಂದಿದೆಯೆಂದು ಶಂಕಿಸಿ ಪಿಎಚ್ ನೋಡುತ್ತೇವೆ. ಹುಳಿ ಮಣ್ಣಿನಲ್ಲಿ ಸೀಸ ನೀರಿನೊಂದಿಗೆ ಇಳಿಯುತ್ತದೆ, ಅಂಥಲ್ಲಿ ಹತ್ತಿರದ ಬೋರ್‌ವೆಲ್ ನೀರನ್ನೂ ಪರೀಕ್ಷಿಸಬೇಕು.

2025ರ ಕಲುಷಿತ ತಾಣಗಳ ನಿರ್ವಹಣಾ ನಿಯಮಗಳಲ್ಲಿ ಪ್ರಾಥಮಿಕ ಪರಿಶೀಲನೆಗೆ 90 ದಿನ, ವಿವರ ಸಮೀಕ್ಷೆಗೆ ಇನ್ನೂ 90 ದಿನ. ಶಂಕಿತ ಜಾಗಗಳ ಪಟ್ಟಿಯನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಕೊಡಬೇಕು. ಪಟ್ಟಿ ಜೂನ್‌ನಲ್ಲಿ ಬಂದರೆ ಮೊದಲ ಅವಧಿಯೆಲ್ಲ ಕೆಸರಿನಲ್ಲೇ ಕಳೆಯುತ್ತದೆ. ಊರವರು ಜಾಗ ತೋರಿಸಿದ ಕೂಡಲೇ ಬೇಲಿ ಹಾಕಿಸಿ, ಮಕ್ಕಳು, ದನ ಒಳಗೆ ಹೋಗದಂತೆ ನೋಡಿಕೊಳ್ಳುವುದಕ್ಕೆ ಮಾತ್ರ ಯಾವ ವರದಿಗೂ ಕಾಯಬಾರದು.

ಅಗೆದ ಮಣ್ಣಿಗೆ ಟಿಸಿಎಲ್‌ಪಿ ಪರೀಕ್ಷೆ, ಅಂದರೆ ಮಣ್ಣಿನಿಂದ ಎಷ್ಟು ವಿಷ ಬಸಿದು ಬರುತ್ತದೆಂದು ನೋಡುವ ಪರೀಕ್ಷೆ. ಬಸಿದ ದ್ರವದಲ್ಲಿ ಲೀಟರಿಗೆ 5 ಮಿ.ಗ್ರಾಂ. ಸೀಸ ಸಿಕ್ಕರೆ ಅದು ಅಪಾಯಕಾರಿ ತ್ಯಾಜ್ಯ; 10ನೇ ನಮೂನೆಯ ಸಾಗಣೆ ಪತ್ರದೊಂದಿಗೆ, ಟಾರ್ಪಾಲು ಬಿಗಿದ ಲಾರಿಯಲ್ಲಿ ಅಧಿಕೃತ ವಿಲೇವಾರಿ ತಾಣಕ್ಕೆ ಹೋಗಬೇಕು. ಅಗೆಯುವಾಗ ಧೂಳು ಏಳದಷ್ಟೇ ನೀರು ಚಿಮುಕಿಸಿ, ಹರಿದು ಹಳ್ಳ ಸೇರುವಷ್ಟಲ್ಲ. ಕೆಲಸದ ಬಟ್ಟೆ, ಬೂಟು ಯಾರೂ ಮನೆಗೆ ಒಯ್ಯುವಂತಿಲ್ಲ, ಅಲ್ಲೇ ಕಳಚಿ ಕೈಕಾಲು ತೊಳೆದು ಹೊರಡಬೇಕು.